149 ರೂಪಾಯಿಯ ಸರ್ವರ್‌ಗೆ ಮೂರು ವರ್ಷದ ಹಣ ಕಟ್ಟುವ ಮೊದಲು

ತಿಂಗಳಿಗೆ 149 ರೂಪಾಯಿಗೆ 4 ಜಿಬಿ ಮೆಮೊರಿಯ ಸರ್ವರ್ (ಅಂತರ್ಜಾಲದಲ್ಲಿ ಸದಾ ಚಾಲೂ ಇರುವ ದೊಡ್ಡ ಯಂತ್ರವೊಂದರ ಬಾಡಿಗೆ ಪಾಲು), ಡೊಮೇನ್ (ವೆಬ್ ವಿಳಾಸದ ಹೆಸರು) ಉಚಿತ, ಬ್ಯಾಕಪ್ ಉಚಿತ ಎಂಬ ಜಾಹೀರಾತು ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಒಂದು ಕಡೆಯ ಮಾಹಿತಿಯನ್ನು ಎತ್ತಿ ಇನ್ನೊಂದು ಕಡೆಗೆ ತಾನಾಗಿಯೇ ಮುಟ್ಟಿಸುವ ಎನ್‌8ಎನ್‌ನಂಥ ತಂತ್ರಾಂಶವನ್ನು ಸ್ವಂತ ಸರ್ವರ್‌ನಲ್ಲಿ ನಡೆಸುವ ಆಲೋಚನೆ ಇದ್ದವರು, ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ಆದದ್ದನ್ನು ಓದಿಯೇ ಹಣ ಕಟ್ಟಿ. ಅಲ್ಲಿ ಈ ವ್ಯವಸ್ಥೆ ಜೋಡಿಸಿಕೊಟ್ಟವನು ನಾನು. ಸರ್ವರನ್ನು ಮಾತ್ರ ಅಂಗಡಿಯವರು ಮೊದಲೇ ಖರೀದಿಸಿಟ್ಟಿದ್ದರು.

ಕೆಲಸ ದೊಡ್ಡದೇನಲ್ಲ. ಟೆಂಡರ್ ಮುಗಿದು ತೂಕವಾದ ಮೇಲೆ ಗುಮಾಸ್ತರು ಗೂಗಲ್ ಶೀಟ್‌ನಲ್ಲಿ ಲಾಟ್ ಸಂಖ್ಯೆ, ಚೀಲ, ತೂಕ, ದರ ತುಂಬುತ್ತಾರೆ. ಎನ್‌8ಎನ್ ಆ ಸಾಲನ್ನು ಎತ್ತಿಕೊಂಡು ಮಾರಾಟದ ಲೆಕ್ಕದ ಪಟ್ಟಿ ಸಿದ್ಧಪಡಿಸಿ ರೈತರ ವಾಟ್ಸ್ಆ್ಯಪ್‌ಗೆ ಕಳುಹಿಸುತ್ತದೆ. ರೋಣದಿಂದಲೋ ಕುಂದಗೋಳದಿಂದಲೋ ಮಾಲು ಕಳುಹಿಸಿದವರು ದರ ಕೇಳಲು ಮೇಲಿಂದ ಮೇಲೆ ಫೋನ್ ಹಚ್ಚುವುದು ತಪ್ಪುತ್ತದೆ. ಇಷ್ಟಕ್ಕೆ 2 ಜಿಬಿ ಮೆಮೊರಿ ಧಾರಾಳವಾಯಿತು. ಸ್ವಂತ ವ್ಯವಹಾರದೊಳಗೆ ಬಳಸಿಕೊಳ್ಳುವವರಿಗೆ ಈ ತಂತ್ರಾಂಶ ಉಚಿತ. ಹಾಗಾಗಿ ಮೊದಲು ಕಣ್ಣಿಗೆ ಬೀಳುವ ಖರ್ಚು ಸರ್ವರಿನದು, ಉಳಿತಾಯದ ಆಸೆ ಹುಟ್ಟುವುದೂ ಅಲ್ಲಿಯೇ.

ಸರ್ವರಿನ ಬಿಲ್ಲು ನೋಡಿದಾಗಲೇ ನನಗೆ ಸಂಶಯ ಬಂದಿತ್ತು. 149 ರೂಪಾಯಿಯ ದರ ಮೂರು ವರ್ಷದ್ದನ್ನು ಒಮ್ಮೆಲೇ ಕಟ್ಟುವವರಿಗೆ ಮಾತ್ರ: 5,364 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ ಸುಮಾರು 6,330. ನವೀಕರಣದ ದರ ತಿಂಗಳಿಗೆ 449 ಎಂಬುದು ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿತ್ತು. ತೆರಿಗೆ ವಸೂಲಿ ಮಾಡಿದ ಬಿಲ್ಲಿನಲ್ಲಿ ಸರ್ವರ್ ಕಂಪನಿಯ ಜಿಎಸ್‌ಟಿ ಸಂಖ್ಯೆಯೇ ಇರಲಿಲ್ಲ. ಕಟ್ಟಿದ ತೆರಿಗೆಯನ್ನು ಅಂಗಡಿಯ ಲೆಕ್ಕದಲ್ಲಿ ವಜಾ ಮಾಡಿಕೊಳ್ಳಲು ಬರುವುದಿಲ್ಲ ಎಂದು ಲೆಕ್ಕಪರಿಶೋಧಕರು ಆಮೇಲೆ ಹೇಳಿದರು. ಮುಂಬೈ ಸರ್ವರ್ ಎಂದು ಮಾರಿದ್ದು ಮುಂಬೈಯಲ್ಲಿ ಇರಲಿಲ್ಲ. ದೂರದ ಸರ್ವರಿನಿಂದ ಪಟ್ಟಿ ಅರ್ಧ ಸೆಕೆಂಡು ತಡವಾಗಿ ಹೋದರೆ ಯಾರ ಗಂಟೂ ಹೋಗುವುದಿಲ್ಲ, ಅದನ್ನು ಬಿಡೋಣ. ಸುಳ್ಳು ಹೇಳಿದ್ದರು ಎಂಬುದು ಮಾತ್ರ ಸುಳ್ಳಲ್ಲ.

ಆವಕ ಕಡಿಮೆ ಇದ್ದ ದಿನಗಳಲ್ಲಿ ಎಲ್ಲವೂ ನಡೆಯಿತು. ಜನವರಿಯಲ್ಲಿ ಮಾರುಕಟ್ಟೆಗೆ ಚೀಲಗಳು ಏರತೊಡಗಿದ ಮೇಲೆ ಪಟ್ಟಿಗಳು ತಾಸುಗಟ್ಟಲೆ ತಡವಾದವು. ಸರ್ವರನ್ನು ನಡೆಸುವ ಲಿನಕ್ಸ್‌ನಲ್ಲಿ ‘ಟಾಪ್’ ಎಂದು ಆಜ್ಞೆ ಕೊಟ್ಟರೆ ಮೇಲಿನ ಸಿಪಿಯು ಸಾಲಿನ ತುದಿಯಲ್ಲಿ ‘ಎಸ್‌ಟಿ’ ಎಂಬ ಅಂಕಿ ಇರುತ್ತದೆ. ನಮ್ಮ ಸರ್ವರ್ ದುಡಿಯಲು ಸಿದ್ಧವಿದ್ದರೂ ಅಸಲಿ ಯಂತ್ರ ತನ್ನ ಸಿಪಿಯುವನ್ನು ಬೇರೆಯವರಿಗೆ ಕೊಟ್ಟಿದ್ದ ಸಮಯದ ಶೇಕಡಾವಾರು ಪಾಲು ಅದು. ಒಳ್ಳೆಯ ಕಡೆ ಸೊನ್ನೆಯ ಆಸುಪಾಸು ಇರಬೇಕಾದದ್ದು ಇಲ್ಲಿ ಸಂಜೆಯ ಹೊತ್ತು 30, 40 ದಾಟುತ್ತಿತ್ತು. ಅಂದರೆ ಒಂದೇ ಯಂತ್ರವನ್ನು ಅದರ ತ್ರಾಣಕ್ಕೆ ಮೀರಿ ಹತ್ತಾರು ಜನರಿಗೆ ಮಾರಿದ್ದಾರೆ. ಮೆಮೊರಿಯ ಅಂಕಿಯನ್ನಷ್ಟೇ ದೊಡ್ಡದಾಗಿ ಬರೆಯುವ ಜಾಹೀರಾತುಗಳು ಈ ಅಂಕಿಯ ಸುದ್ದಿಯನ್ನೇ ಎತ್ತುವುದಿಲ್ಲ.

ಫೆಬ್ರುವರಿಯ ಒಂದು ಟೆಂಡರ್ ದಿನ ಸರ್ವರ್ ನಿಂತೇ ಹೋಯಿತು. ‘ಸಿಪಿಯು ಅತಿಬಳಕೆ, ಖಾತೆ ಅಮಾನತು’ ಎಂದು ಒಂದು ಮಿಂಚಂಚೆ. ನಮಗೆ ಸಿಗದ ಸಿಪಿಯುವನ್ನು ನಾವೇ ಅತಿಯಾಗಿ ಬಳಸಿದ್ದೆವಂತೆ! ನಿಯಂತ್ರಣ ಫಲಕಕ್ಕೂ ಪ್ರವೇಶವಿಲ್ಲ. ಉಚಿತ ಬ್ಯಾಕಪ್ ಇದ್ದದ್ದು ಅದೇ ಖಾತೆಯಲ್ಲಿ: ತಿಜೋರಿಯ ಕೀಲಿಕೈಯನ್ನು ತಿಜೋರಿಯಲ್ಲೇ ಇಟ್ಟು ಬಾಗಿಲು ಹಾಕಿದಂತೆ. ದೂರಿಗೆ ಮರುದಿನ ಬಂದ ಉತ್ತರದಲ್ಲಿ ಹೆಚ್ಚಿನ ದರದ ಯೋಜನೆಗೆ ಹಣ ಕಟ್ಟುವ ಕೊಂಡಿಯ ಹೊರತು ಏನೂ ಇರಲಿಲ್ಲ. ಹಣ ವಾಪಸಿನ ಅವಧಿ 30 ದಿನ, ಅದು ಎಂದೋ ಮುಗಿದಿತ್ತು.

ಆ ದಿನದ ಪಟ್ಟಿಗಳನ್ನು ಗುಮಾಸ್ತರು ಕಾರ್ಬನ್ ಹಾಳೆ ಇಟ್ಟು ರಾತ್ರಿಯವರೆಗೆ ಬರೆದರು. ವರ್ಕ್‌ಫ್ಲೋಗಳು (ಎನ್‌8ಎನ್‌ನಲ್ಲಿ ಜೋಡಿಸಿದ್ದ ಕೆಲಸದ ಹಂತಗಳು) ಮತ್ತು ಡೇಟಾಬೇಸಿನ ಪ್ರತಿ ನನ್ನ ಲ್ಯಾಪ್‌ಟಾಪ್‌ನಲ್ಲಿದ್ದವು. ಅದಕ್ಕಿಂತ ಮುಖ್ಯವಾದದ್ದು ಎನ್‌ಕ್ರಿಪ್ಶನ್ ಕೀ. ಗೂಗಲ್, ವಾಟ್ಸ್ಆ್ಯಪ್ ಖಾತೆಗಳ ಗುಪ್ತ ವಿವರಗಳನ್ನು ಎನ್‌8ಎನ್ ಈ ಕೀಲಿಯಿಂದ ಮುಚ್ಚಿಡುತ್ತದೆ. ಡೇಟಾಬೇಸ್ ಕೈಯಲ್ಲಿದ್ದು ಕೀಲಿ ಇಲ್ಲದಿದ್ದರೆ ಆ ವಿವರಗಳು ಮತ್ತೆ ತೆರೆಯುವುದಿಲ್ಲ. ನಾವೇ ಬೇರೆ ಕೊಡದಿದ್ದರೆ ಅದು ಸರ್ವರ್‌ನೊಳಗೆ ಅಡಗಿದ ಒಂದು ಫೋಲ್ಡರಿನಲ್ಲಿ ತಾನಾಗಿಯೇ ಹುಟ್ಟಿಕೊಳ್ಳುತ್ತದೆ, ಎಷ್ಟೋ ಜನರಿಗೆ ಅದು ಇದೆಯೆಂದೇ ತಿಳಿದಿರುವುದಿಲ್ಲ. ಅಂಗಡಿಯ ರೋಕಡ ಪುಸ್ತಕದ ಕೊನೆಯ ಹಾಳೆಯಲ್ಲಿ ಅದನ್ನು ಬರೆಸಿಟ್ಟಿದ್ದರಿಂದ ಹೊಸ ಸರ್ವರ್‌ನಲ್ಲಿ ಕೆಲಸ ಬೇಗ ಶುರುವಾಯಿತು.

ಕಾಡಿದ್ದು ಉಚಿತ ಡೊಮೇನ್. ಅದು ನೋಂದಣಿಯಾದದ್ದು ಸರ್ವರ್ ಕಂಪನಿಯದೇ ಹೆಸರಿನಲ್ಲಿ, ಬಿಟ್ಟುಕೊಡಲು ಒಪ್ಪಲಿಲ್ಲ. ಸ್ವಂತ ಡೊಮೇನ್ ಇದ್ದಿದ್ದರೆ ಅದಕ್ಕೆ ಹೊಸ ಸರ್ವರಿನ ಐಪಿ ವಿಳಾಸ (ಅಂತರ್ಜಾಲದಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆ) ಕೊಟ್ಟರೆ ಸಾಕಿತ್ತು. ಈಗ ವಾಟ್ಸ್ಆ್ಯಪ್‌ನ ವೆಬ್‌ಹುಕ್ ವಿಳಾಸ (ವಾಟ್ಸ್ಆ್ಯಪ್ ನಮ್ಮ ಸರ್ವರ್‌ಗೆ ಸುದ್ದಿ ಮುಟ್ಟಿಸುವ ವಿಳಾಸ), ಗೂಗಲ್ ಅನುಮತಿಯ ವಿಳಾಸ ಎಲ್ಲವನ್ನೂ ಹೊಸದಾಗಿ ಕೂಡಿಸಬೇಕಾಯಿತು.

ಈಗಿನ ಸರ್ವರ್ 2 ಜಿಬಿಯದು, ಬಾಡಿಗೆ ತಿಂಗಳು ತಿಂಗಳು. ನೀವೂ ಮೊದಲ ತಿಂಗಳಷ್ಟೇ ಕಟ್ಟಿ. ಆ ಅವಧಿಯಲ್ಲಿ ಕೆಲಸದ ಭರಾಟೆಯ ಹೊತ್ತಿಗೇ ‘ಎಸ್‌ಟಿ’ ಅಂಕಿ ನೋಡಿ. ಡೊಮೇನನ್ನು ಬೇರೆ ಕಡೆ ನಿಮ್ಮದೇ ಹೆಸರಿನಲ್ಲಿ ಕೊಳ್ಳಿ. ಹಳೆಯ ಸರ್ವರ್ ಕಂಪನಿ ನಮ್ಮ ಹಣ ಮರಳಿಸಲಿಲ್ಲ, ಡೊಮೇನನ್ನೂ ಬಿಡಲಿಲ್ಲ. ಹಳೆಯ ವಿಳಾಸ ಅಚ್ಚಾಗಿದ್ದ ಬಿಲ್ ಪುಸ್ತಕಗಳನ್ನು ಬದಿಗಿಟ್ಟು ಅಂಗಡಿಯವರು ಹೊಸದಾಗಿ ಅಚ್ಚು ಹಾಕಿಸಬೇಕಾಯಿತು.