ಮಕ್ಕಳ ಮೆದುಳುಜ್ವರ: ಔಷಧಿ ಈಗಲೇನಾ, ರಿಪೋರ್ಟ್ ಬಂದ ಮೇಲಾ?

ಮಗುವಿಗೆ ಜ್ವರ, ಜೊತೆಗೆ ಫಿಟ್ಸ್, ಕರೆದರೆ ಸರಿಯಾಗಿ ಮಾತಾಡುತ್ತಿಲ್ಲ ಅಂತಾದರೆ ಮಣಿಪಾಲವೋ ಮಂಗಳೂರೋ, ಮಕ್ಕಳ ಐಸಿಯು ಇರುವ ಕಡೆ ಮೊದಲು ಓಡಿ. ಅಲ್ಲಿ ಡಾಕ್ಟರು ಅಸೈಕ್ಲೋವಿರ್ (ಹರ್ಪಿಸ್ ವೈರಸ್ ವಿರುದ್ಧದ ಔಷಧಿ) ಶುರು ಮಾಡೋಣ ಅಂದರೆ, ರಿಪೋರ್ಟ್ ಬರಲಿ ಅಂತ ದಯವಿಟ್ಟು ತಡೆಯಬೇಡಿ.

ಯಾಕೆ ಅಂದ್ರೆ, ಹರ್ಪಿಸ್ ವೈರಸ್‌ನಿಂದ ಬಂದ ಮೆದುಳಿನ ಉರಿಯೂತಕ್ಕೆ ಚಿಕಿತ್ಸೆ ಸಿಗದಿದ್ದರೆ 100ರಲ್ಲಿ ಸುಮಾರು 70 ಜನ ಉಳಿಯುವುದಿಲ್ಲ, ಬೇಗ ಔಷಧಿ ಬಿದ್ದರೆ ಆ ಲೆಕ್ಕ ಎಷ್ಟೋ ಇಳಿಯುತ್ತದೆ. ಬೆನ್ನಿನ ನೀರು ತೆಗೆದು ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆ ಮೊದಲೆರಡು ದಿನ ಸುಳ್ಳೇ ನೆಗೆಟಿವ್ ಬರುವುದೂ ಉಂಟು. ಈಗಲೇ ಶುರು ಮಾಡಿದರೆ ತೊಂದರೆ ಏನು? ಮುಖ್ಯವಾಗಿ ಕಿಡ್ನಿಯದ್ದು. ಔಷಧಿ ಅಲ್ಲಿ ಹರಳುಗಟ್ಟಬಾರದು ಅಂತ ಒಂದು ಗಂಟೆ ಹೊತ್ತು ನಿಧಾನಕ್ಕೆ ಡ್ರಿಪ್‌ನಲ್ಲಿ ಬಿಡುತ್ತಾರೆ, ಮೈಯಲ್ಲಿ ನೀರು ಕಡಿಮೆಯಾಗದಂತೆ ನೋಡುತ್ತಾರೆ, ಕಿಡ್ನಿ ಸರಿಯಿದೆಯಾ ಅಂತ ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷಿಸುತ್ತಾರೆ. ಹರ್ಪಿಸ್ ಅಲ್ಲ ಅಂತ ಖಚಿತವಾದರೆ ಅವರೇ ನಿಲ್ಲಿಸುತ್ತಾರೆ.

ಮಾತ್ರೆ ಸಾಕಲ್ವಾ? ಸಾಲದು. ಬಾಯಿಂದ ಕೊಟ್ಟರೆ ಮೆದುಳಿಗೆ ಬೇಕಾದಷ್ಟು ತಲುಪುವುದಿಲ್ಲ. ಎಂಟು ಗಂಟೆಗೊಮ್ಮೆ ನರಕ್ಕೇ ಕೊಡಬೇಕು, 14ರಿಂದ 21 ದಿನ. ಮೂರನೇ ದಿನ ಮಗು ಎದ್ದು ಕೂತು ಗಂಜಿ ಉಂಡಿತು ಅಂತ ಡಿಸ್ಚಾರ್ಜ್ ಕೇಳಬೇಡಿ.

ಗದ್ದೆ ಬದಿಯ ಸೊಳ್ಳೆಯಿಂದ ಬರುವ ಜಪಾನೀಸ್ ಮೆದುಳುಜ್ವರಕ್ಕೆ ಇಂಥ ಔಷಧಿ ಇಲ್ಲ. ಅಲ್ಲಿ ಫಿಟ್ಸ್, ಉಸಿರು, ತಲೆಯೊಳಗಿನ ಒತ್ತಡ ನೋಡಿಕೊಳ್ಳುವುದೇ ಚಿಕಿತ್ಸೆ, ಹಾಗಾಗಿ ಲಸಿಕೆಯೇ ದಾರಿ: 9 ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ತಾಯಿ ಕಾರ್ಡ್ ತೆಗೆದು ಎರಡೂ ಆಗಿದೆಯಾ ನೋಡಿ, ಇಲ್ಲದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇವತ್ತೇ ಕೇಳಿ.