ಕನ್ನಡ ಅಕ್ಷರ ಕತ್ತರಿಸಲು ಯಾವ ಮೆಷಿನ್? ಕ್ರಿಕಟ್, ಕ್ಯಾಮಿಯೊ ಮತ್ತು ಒಂದು ಚೀನಾ ಪ್ಲಾಟರ್

ಸ್ಟಿಕ್ಕರಿನ ಪ್ಲಾಸ್ಟಿಕ್ ಹಾಳೆ, ಅಂದರೆ ವಿನೈಲ್, ಕತ್ತರಿಸುವ ಮೆಷಿನ್‌ಗಳ ಬಗ್ಗೆ ವಿಡಿಯೊಗಳಿಗೇನೂ ಬರ ಇಲ್ಲ. ಆದರೆ ನಾನು ನೋಡಿದವುಗಳಲ್ಲೆಲ್ಲ ಕತ್ತರಿಸಿ ತೋರಿಸುವುದು ಇಂಗ್ಲಿಷ್ ಅಕ್ಷರ. ನನಗೆ ಬೇಕಾಗಿದ್ದು ಅಡುಗೆಮನೆ ಡಬ್ಬಿಗಳಿಗೆ 'ಅಕ್ಕಿ ಹಿಟ್ಟು', 'ಉಪ್ಪಿನಕಾಯಿ', ಗೇಟಿಗೆ ಮನೆಯ ಹೆಸರು, ನವೆಂಬರ್ 1ಕ್ಕೆ ಅಪಾರ್ಟ್‌ಮೆಂಟಿನ ಹುಡುಗರ ಸೈಕಲ್ಲಿಗೆ ಸ್ಟಿಕ್ಕರ್. ಒತ್ತಕ್ಷರ ಬಂದ ಕೂಡಲೇ ಲೆಕ್ಕವೇ ಬೇರೆ.

ಹಾಗಾಗಿ ಒಂದೇ ಡಿಸೈನನ್ನು ಮೂರು ಮೆಷಿನ್‌ಗಳಲ್ಲಿ ಕತ್ತರಿಸಿದೆ. ಗೆಳತಿಯ ಕ್ರಿಕಟ್ ಎಕ್ಸ್‌ಪ್ಲೋರ್ 3, ನನ್ನ ಸಿಲೂಯೆಟ್ ಕ್ಯಾಮಿಯೊ 4, ಮತ್ತೆ ಭಾವನ ಗ್ಯಾರೇಜಿನಲ್ಲಿ ಸ್ಟ್ಯಾಂಡ್ ಮೇಲೆ ನಿಂತಿರುವ ಒಂದು ಚೀನಾ ಪ್ಲಾಟರ್. ಈ ಮೂರನೆಯದಕ್ಕೆ ಹೇಳಿಕೊಳ್ಳುವಂಥ ಹೆಸರಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನ ರೇಡಿಯಂ ಅಂಗಡಿಗಳಲ್ಲಿ ನೀವು ನೋಡಿರುವ ಜಾತಿಯದೇ.

ಮೊದಲು ಅಕ್ಷರದ ವಿಷಯ. ಮೆಷಿನ್ ಯಾವುದೇ ಇರಲಿ, ಕನ್ನಡವನ್ನು ಅದರ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುವ ಗೋಜಿಗೆ ನಾನು ಹೋಗುವುದಿಲ್ಲ. ಇಂಕ್‌ಸ್ಕೇಪ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಅಲ್ಲಿ ಬರೆದು, ಪಾತ್ (ಬರೀ ಗೆರೆಯ ಆಕಾರ) ಆಗಿ ಬದಲಿಸಿ, ಆಮೇಲೆ ಯೂನಿಯನ್ ಕೊಡಬೇಕು, ಅಂದರೆ ಒಂದರ ಮೇಲೊಂದು ಬಿದ್ದ ಆಕಾರಗಳನ್ನು ಒಂದಾಗಿಸಬೇಕು. ಯೂನಿಯನ್ ಕೊಡದಿದ್ದರೆ ಅಕ್ಷರದ ಮೇಲೆ ಒತ್ತೋ ಕೊಂಬೋ ಹತ್ತಿ ಕೂತ ಕಡೆ ಬ್ಲೇಡ್ ಎರಡು ಗೆರೆಯನ್ನೂ ಎಳೆಯುತ್ತದೆ. 'ಹಿಟ್ಟು' ಚೂರುಚೂರಾಗಿ ಬರುತ್ತದೆ. ಫಾಂಟ್ ದಪ್ಪ ಇರಲಿ. ಬಲೂ ತಮ್ಮ 2 ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ವಿಂಡೋಸ್‌ನ ತುಂಗಾ ನೋಡಲು ಚೆಂದ, ಆದರೆ ಗೆರೆ ಸಣ್ಣ. ಬೇಡದ ವಿನೈಲನ್ನು ಕಿತ್ತು ತೆಗೆಯುವಾಗ ಒತ್ತೂ ಅದರ ಜೊತೆಗೇ ಎದ್ದು ಬರುತ್ತದೆ.

ಈಗ ಎಕ್ಸ್‌ಪ್ಲೋರ್ 3. ಮೂರರಲ್ಲಿ ಕಲಿಯಲು ಸುಲಭ ಇದೇ, ಅನುಮಾನ ಬೇಡ. ಇಂಕ್‌ಸ್ಕೇಪ್‌ನಲ್ಲಿ ಉಳಿಸಿದ ಎಸ್‌ವಿಜಿ ಫೈಲ್ ಅಪ್‌ಲೋಡ್ ಮಾಡಲು ದುಡ್ಡು ಕೊಡಬೇಕಿಲ್ಲ. ವಿನೈಲ್ ಎಂದು ಆರಿಸಿದರೆ ಸಾಕು, ಒತ್ತಡವನ್ನು ಅದೇ ನೋಡಿಕೊಳ್ಳುತ್ತದೆ. ಬ್ಲೇಡ್ ಎಷ್ಟು ಹೊರಗಿರಬೇಕು ಎಂದು ಸ್ಕ್ರೂ ತಿರುಗಿಸುವ ತಲೆನೋವಿಲ್ಲ. ಅರ್ಧ ಇಂಚಿನ 'ಅಕ್ಕಿ' ಕೂಡ ಒತ್ತಿನ ಸಮೇತ ಶುಚಿಯಾಗಿ ಬಂತು.

ತೊಡಕು ಬೇರೆ ಕಡೆ ಇದೆ. ಮ್ಯಾಟ್ (ವಿನೈಲ್ ಹಿಡಿದಿಡುವ ಅಂಟಿನ ಹಾಳೆ) ಇಲ್ಲದೆ 12 ಅಡಿವರೆಗೆ ಒಂದೇ ಸಲ ಕತ್ತರಿಸುತ್ತದೆ ಎಂಬ ಮಾತು ನಿಜ, ಆದರೆ ಅದು ಅವರದೇ ಸ್ಮಾರ್ಟ್ ವಿನೈಲ್‌ಗೆ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ತಂದ ಮಾಮೂಲಿ ವಿನೈಲ್ ಹಾಕಿದರೆ ಮ್ಯಾಟ್ ಬೇಕೇ ಬೇಕು. ನಮ್ಮ ಊರಿನ ಧೂಳಿಗೆ ಮ್ಯಾಟಿನ ಅಂಟು ಬೇಗ ಹೋಗುತ್ತದೆ. ಪಕ್ಕದಲ್ಲೇ ಮೆಟ್ರೊ ಕೆಲಸ ನಡೆಯುವ ರಸ್ತೆಯವರು ಕೇಳಲೇಬೇಡಿ. ಇನ್ನೊಂದು, ಕ್ರಿಕಟ್‌ನ ಸಾಫ್ಟ್‌ವೇರ್ ಆದ ಡಿಸೈನ್ ಸ್ಪೇಸ್ ತೆರೆಯಲು ಖಾತೆ ಬೇಕು, ಹೊಸ ಫೈಲ್ ಏರಿಸಲು ಇಂಟರ್‌ನೆಟ್ ಬೇಕು. 2021ರ ಮಾರ್ಚ್‌ನಲ್ಲಿ ಕಂಪನಿ, ಚಂದಾ ಕಟ್ಟದವರು ತಿಂಗಳಿಗೆ 20 ಅಪ್‌ಲೋಡ್ ಮಾತ್ರ ಮಾಡಬಹುದು ಎಂದು ಹೇಳಿತ್ತು. ಬಳಕೆದಾರರು ರೊಚ್ಚಿಗೆದ್ದ ಮೇಲೆ ಅದೇ ತಿಂಗಳು ಹಿಂದೆ ಸರಿಯಿತು. ಈಗ ಆ ಮಿತಿ ಇಲ್ಲ, ಸರಿ. ಆದರೂ ನಾನು ದುಡ್ಡು ಕೊಟ್ಟು ತಂದ ಮೆಷಿನ್‌ನಲ್ಲಿ ಎಷ್ಟು ಕೆಲಸ ಮಾಡಬಹುದು ಎಂದು ಬೇರೆಯವರು ತೀರ್ಮಾನಿಸುವ ದಾರಿಯೊಂದು ಇದೆಯಲ್ಲ, ಅದು ನನಗೆ ಹಿಡಿಸಲಿಲ್ಲ.

ಕ್ಯಾಮಿಯೊ 4ರಲ್ಲಿ ಇದೆಲ್ಲ ಉಲ್ಟಾ. ಸಿಲೂಯೆಟ್ ಸ್ಟುಡಿಯೊವನ್ನು ಕಂಪ್ಯೂಟರ್‌ಗೆ ಹಾಕಿಕೊಂಡರೆ ಮುಗಿಯಿತು, ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಹಿಂದೆ ಕಾಗದವಿರುವ ಯಾವ ವಿನೈಲ್ ಆದರೂ ಮ್ಯಾಟ್ ಇಲ್ಲದೆ ನೇರ ಒಳಗೆ ಹೋಗುತ್ತದೆ. ರೋಲ್ ಇಡುವ ಜಾಗ ಅದರಲ್ಲೇ ಇದೆ, ಕೆಲಸ ಮುಗಿದ ಮೇಲೆ ತುಂಡನ್ನು ಅಡ್ಡಲಾಗಿ ಕತ್ತರಿಸುವ ಚಿಕ್ಕ ಕಟರ್ ಕೂಡ. ಗೇಟಿನ ಹೆಸರಿಗೆ ತಂದಿದ್ದ ಒರಾಕಲ್ ಬ್ರ್ಯಾಂಡಿನ 651 ವಿನೈಲ್, ಗೋಡೆಗೆ ತಂದಿದ್ದ ಹೊಳಪಿಲ್ಲದ 631, ಎರಡೂ ಸಲೀಸಾಗಿ ಹೋದವು. ಅಂದ ಹಾಗೆ, ಬಾಡಿಗೆ ಮನೆಯ ಗೋಡೆಗೆ 651 ಅಂಟಿಸಬೇಡಿ, ಅದರ ಅಂಟು ಕಾಯಂ ಬಗೆಯದು. ಬಿಡಿಸುವಾಗ ಬಣ್ಣವೂ ಬಂದರೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತಾರೆ.

ಇಲ್ಲೂ ಒಂದು ಕೊಕ್ಕೆ ಇದೆ. ಉಚಿತವಾಗಿ ಸಿಗುವ ಬೇಸಿಕ್ ಆವೃತ್ತಿ ಎಸ್‌ವಿಜಿ ತೆರೆಯುವುದಿಲ್ಲ. ಅದಕ್ಕೆ ಡಿಸೈನರ್ ಎಡಿಷನ್ ಕೊಳ್ಳಬೇಕು. ಆದರೆ ಡಿಎಕ್ಸ್‌ಎಫ್ ಎಂಬ ಇನ್ನೊಂದು ಬಗೆಯ ಫೈಲ್ ತೆರೆಯುತ್ತದೆ, ಇಂಕ್‌ಸ್ಕೇಪ್ ಡಿಎಕ್ಸ್‌ಎಫ್ ಉಳಿಸುತ್ತದೆ. ಅಕ್ಷರದ ಗಾತ್ರ ಸರಿಯಿದೆಯಾ ಎಂದು ಮಾತ್ರ ಒಮ್ಮೆ ಅಳೆದುಕೊಳ್ಳಿ. ಇಂಕ್‌ಸ್ಕೇಪ್‌ನಿಂದಲೇ ಕ್ಯಾಮಿಯೊಗೆ ನೇರ ಕಳಿಸುವ ಉಚಿತ ಎಕ್ಸ್‌ಟೆನ್ಷನ್ ಕೂಡ ಇದೆ. ಸ್ವಲ್ಪ ಕೈಯಾಡಿಸುವ ಅಭ್ಯಾಸ ಇದ್ದವರಿಗೆ ಸುಮ್ನೆ ದುಡ್ಡು ಕೊಡುವ ಅಗತ್ಯವೇ ಬರುವುದಿಲ್ಲ. ಅಭ್ಯಾಸ ಇಲ್ಲದವರಿಗೆ ಮೊದಲ ವಾರ ಕಷ್ಟವೇ. ಕತ್ತರಿಸಿದ ಗುಣಮಟ್ಟದಲ್ಲಿ ಎಕ್ಸ್‌ಪ್ಲೋರ್‌ಗೂ ಇದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ.

ಪ್ಲಾಟರ್ ಬಗ್ಗೆ ಹೇಳಲು ತಮಾಷೆಯೂ ಇದೆ, ಸಂಕಟವೂ ಇದೆ. ಅಗಲ 720 ಮಿಲಿಮೀಟರ್. ಮಿಕ್ಕೆರಡು ಮೆಷಿನ್ 12 ಇಂಚಿಗೆ ಕೈಕಟ್ಟಿ ಕೂತರೆ ಇದು ಕಾರಿನ ಹಿಂದಿನ ಗಾಜಿಗೆ ಬೇಕಾದಷ್ಟು ದೊಡ್ಡ ಅಕ್ಷರವನ್ನು ಒಂದೇ ತುಂಡಿನಲ್ಲಿ ಕೊಡುತ್ತದೆ. ಬ್ಲೇಡು ಅಗ್ಗ. 30, 45, 60 ಡಿಗ್ರಿಯವು ಸ್ಟಿಕ್ಕರ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ, ವಿನೈಲ್‌ಗೆ 45 ಸಾಕು. ಆದರೆ ಒತ್ತಡ, ವೇಗ, ಬ್ಲೇಡಿನ ಉದ್ದ, ಎಲ್ಲವನ್ನೂ ನೀವೇ ಹೊಂದಿಸಬೇಕು. ಜೊತೆಗೆ ಆಫ್‌ಸೆಟ್. ಈ ಬ್ಲೇಡುಗಳ ತುದಿ ನಡುವಿನಲ್ಲಿ ಇರುವುದಿಲ್ಲ, ಕೂದಲೆಳೆಯಷ್ಟು ಪಕ್ಕಕ್ಕಿರುತ್ತದೆ. ಅದು ಎಷ್ಟು ಎಂದು ಸಾಫ್ಟ್‌ವೇರ್‌ಗೆ ಸರಿಯಾಗಿ ಹೇಳದಿದ್ದರೆ ಇಂಗ್ಲಿಷಿನ ಚೂಪು ಮೂಲೆಗಳು ಮೊಂಡಾಗುತ್ತವೆ. ನಮ್ಮ ಲಿಪಿ ಬಹುಪಾಲು ದುಂಡಗೆ, ಆದ್ದರಿಂದ ಅದು ಕಣ್ಣಿಗೆ ಹೊಡೆಯುವುದಿಲ್ಲ. ಆದರೆ ಗೆರೆ ಶುರುವಾದ ಜಾಗಕ್ಕೇ ಬಂದು ಸೇರುವುದಿಲ್ಲ. ಆ ಒಂದು ಚೂರು ಕತ್ತರಿಸದೆ ಉಳಿದು, ಕೀಳುವಾಗ ಅಕ್ಷರವನ್ನೇ ಎಳೆದುಕೊಂಡು ಬರುತ್ತದೆ.

ದೊಡ್ಡ 'ತಾಯಿಯ ಆಶೀರ್ವಾದ' ಸೊಗಸಾಗಿ ಬಂತು. ಅರ್ಧ ಇಂಚಿನ 'ಉಪ್ಪಿನಕಾಯಿ' ಬರಲೇ ಇಲ್ಲ. ಇಂಕ್‌ಸ್ಕೇಪ್‌ನಲ್ಲಿ ಸಿಂಪ್ಲಿಫೈ ಕೊಟ್ಟು ಗೆರೆಯ ಚುಕ್ಕಿಗಳನ್ನು ಕಡಿಮೆ ಮಾಡಿ, ವೇಗ ಇಳಿಸಿದ ಮೇಲೆ ಪರವಾಗಿಲ್ಲ ಅನ್ನುವ ಮಟ್ಟಕ್ಕೆ ಬಂತು. ಸದ್ದಂತೂ ಜಾಸ್ತಿ. ಫ್ಲಾಟಿನಲ್ಲಿ ರಾತ್ರಿ ಹತ್ತರ ಮೇಲೆ ಓಡಿಸಿದರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ.

ಕ್ರಿಕಟ್ ಮೇಕರ್ 3 ತಗೊಳ್ಳಲಾ ಎಂದು ಕೆಲವರು ಕೇಳುತ್ತಾರೆ. ಅದರ 4 ಕಿಲೊ ಒತ್ತಡ ಬೇಕಾಗುವುದು ಚರ್ಮ, ತೆಳು ಮರ, ಬಟ್ಟೆಗೆ. ಬರೀ ವಿನೈಲ್‌ಗೆ ಅಷ್ಟು ದುಡ್ಡು ದಂಡ. ಕ್ರಿಕಟ್‌ನದೇ ಪುಟ್ಟ ಜಾಯ್ ಮುದ್ದಾಗಿದೆ, ಆದರೆ ನಾಲ್ಕೂವರೆ ಇಂಚಿನ ಅಗಲ ಡಬ್ಬಿಯ ಹೆಸರಿಗಷ್ಟೇ ಸರಿ.

ಕರೆಂಟಿನ ಮಾತು ಬಿಟ್ಟರೆ ಬೆಂಗಳೂರಿನವರಿಗೆ ಅನ್ಯಾಯ ಮಾಡಿದಂತೆ, ಅಲ್ವಾ? ಕತ್ತರಿಸುವ ಮಧ್ಯೆ ಕರೆಂಟ್ ಹೋದರೆ ಆ ತುಂಡು ಹೋಯಿತೆಂದೇ ಲೆಕ್ಕ. ಯುಪಿಎಸ್ ಇರುವ ಪ್ಲಗ್ಗಿಗೆ ಹಾಕಿ. ಅಮೆರಿಕದಿಂದ ಯಾರಾದರೂ ತಂದುಕೊಡುತ್ತೇನೆಂದರೆ ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದು ಬರೆದಿದೆಯಾ ನೋಡಲು ಹೇಳಿ. ವಾರಂಟಿ ಇಲ್ಲಿ ನಡೆಯುತ್ತದೆಯಾ ಎಂದೂ ಕೇಳಿ.

ನನ್ನ ಆಯ್ಕೆ ಕ್ಯಾಮಿಯೊ. ಇಂಕ್‌ಸ್ಕೇಪ್ ಹೇಗೂ ಬೇಕೇ ಬೇಕು, ಹಾಗಾಗಿ ಡಿಸೈನ್ ಸ್ಪೇಸ್‌ನ ಸುಲಭ ನನಗೆ ಅಷ್ಟಾಗಿ ಉಪಯೋಗವಿಲ್ಲ. ಸಿಕ್ಕ ವಿನೈಲ್ ಹಾಕಬಹುದು ಅನ್ನುವುದು ತಿಂಗಳ ಖರ್ಚಿನಲ್ಲಿ ಗೊತ್ತಾಗುತ್ತದೆ. ಮಕ್ಕಳ ಜೊತೆ ಭಾನುವಾರ ಏನೋ ಮಾಡಬೇಕು, ರೆಡಿ ಡಿಸೈನ್ ಸಾಕು ಅನ್ನುವವರು ಎಕ್ಸ್‌ಪ್ಲೋರ್ ತಗೊಳ್ಳಿ. ಆರ್ಡರ್ ಹಿಡಿದು ದುಡಿಯುವ ಯೋಚನೆ ಇದ್ದು, ಮನೆಯಲ್ಲಿ ಜಾಗವೂ ಇದ್ದರೆ ಪ್ಲಾಟರ್ ನೋಡಬಹುದು. ವರ್ಷಕ್ಕೆ ಎರಡೋ ಮೂರೋ ಸ್ಟಿಕ್ಕರ್ ಬೇಕಾದವರು ಯಾವುದನ್ನೂ ಕೊಳ್ಳಬೇಡಿ. ಯೂನಿಯನ್ ಮಾಡಿದ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ರೇಡಿಯಂ ಅಂಗಡಿಗೆ ಹೋಗಿ.