ಎಳೆಯ ಔಟ್‌ಫೀಲ್ಡರ್‌ನನ್ನು ಅಳೆಯಲು ಬೇಸ್‌ಬಾಲ್ ಸಾವಂಟ್: ಎಲ್ಲಿ ನಂಬಬಹುದು, ಎಲ್ಲಿ ಸಾಲದು

ಬೇಸ್‌ಬಾಲ್ ಸಾವಂಟ್ ಅಂದರೆ ಮೇಜರ್ ಲೀಗ್ ಬೇಸ್‌ಬಾಲ್‌ನವರ ಉಚಿತ ಅಂಕಿಅಂಶ ತಾಣ. ಕ್ರಿಕೆಟ್‌ನ ಡಿಆರ್‌ಎಸ್‌ನಲ್ಲಿ ನಾವು ನೋಡುವ ಹಾಕ್-ಐ ಕ್ಯಾಮೆರಾಗಳೇ 2020ರಿಂದ ಇದಕ್ಕೂ ಲೆಕ್ಕ ಒದಗಿಸುತ್ತಿವೆ. ಆಟಗಾರನ ಪುಟ ತೆರೆದರೆ ಮೊದಲು ಕಾಣುವುದು ಕೆಂಪು, ನೀಲಿ ಬೊಟ್ಟುಗಳ ಸಾಲು: ಕೆಂಪು ಅಂದರೆ ಲೀಗ್‌ನ ಉಳಿದವರಿಗಿಂತ ಮೇಲು, ನೀಲಿ ಅಂದರೆ ಕೆಳಗೆ. ಕೆಂಪು ಹೆಚ್ಚಿದ್ದ ಮಾತ್ರಕ್ಕೆ ಹುಡುಗ ಗೆದ್ದ ಎಂದುಕೊಳ್ಳಬೇಡಿ, ಒಳಗೆ ಇಳಿದು ನೋಡಿ.

ಓಟದ ವೇಗ ಸೆಕೆಂಡಿಗೆ ಎಷ್ಟು ಅಡಿ ಎಂದು ಕೊಟ್ಟಿರುತ್ತಾರೆ. 27 ಸರಾಸರಿ, 30 ಅಂದರೆ ಅಪರೂಪದ ಕಾಲು.

ಆದರೆ ಔಟ್‌ಫೀಲ್ಡರ್ (ಮೈದಾನದ ದೂರದ ಭಾಗ ಕಾಯುವವನು) ಮಟ್ಟಿಗೆ ತಾಣದ ನಿಜವಾದ ಆಸ್ತಿ 'ಜಂಪ್' ಪುಟ. ಇದು ಎಗರುವುದರ ಲೆಕ್ಕವಲ್ಲ. ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಕೈಯಿಂದ ಚೆಂಡು ಬಿಟ್ಟ ಮೊದಲ 3 ಸೆಕೆಂಡಿನಲ್ಲಿ ಫೀಲ್ಡರ್ ಸರಿಯಾದ ದಿಕ್ಕಿಗೆ ಎಷ್ಟು ಅಡಿ ಸಾಗಿದ ಎಂಬುದು. ಅದನ್ನೇ ಮೂರಾಗಿ ಬಿಡಿಸಿದ್ದಾರೆ: ಮೊದಲ 1.5 ಸೆಕೆಂಡಿನ ಪ್ರತಿಕ್ರಿಯೆ, ಮುಂದಿನ 1.5 ಸೆಕೆಂಡಿನ ಬಿರುಸು, ಹಿಡಿದ ದಾರಿ. ಬಿರುಸು ಚೆನ್ನಾಗಿದ್ದು ಪ್ರತಿಕ್ರಿಯೆ ಮಾತ್ರ ತಡವಾದರೆ ಭರವಸೆ ಬಿಡಬೇಡಿ. ಪಿಚರ್ ಚೆಂಡು ಬಿಡುವ ಮುಂಚಿನ ಹೆಜ್ಜೆಯ ಸಮಯ ತಿದ್ದಿದರೆ ಸುಧಾರಿಸುತ್ತದೆ. ದಾರಿಯೇ ತಪ್ಪುತ್ತಿದ್ದರೆ ಎಚ್ಚರ. ಇಂಥವರ ತಪ್ಪನ್ನು ಇಪ್ಪತ್ತರ ಹರೆಯದಲ್ಲಿ ವೇಗ ಮುಚ್ಚಿಡುತ್ತದೆ, ವೇಗ ಇಳಿದ ಮೇಲೆ ಸೆಂಟರ್ ಫೀಲ್ಡ್ (ಔಟ್‌ಫೀಲ್ಡ್‌ನ ನಡುವಿನ ಜಾಗ) ಕೈಬಿಡುತ್ತದೆ.

ಫೀಲ್ಡರ್‌ನ ಎಸೆತದ ಅಂಕಿಗೆ ಅಷ್ಟು ತೂಕ ಬೇಡ. ಅದು ಬಲ ಹೇಳುತ್ತದೆ, ಗುರಿ ಹೇಳುವುದಿಲ್ಲ.

ಬ್ಯಾಟಿಂಗ್‌ನಲ್ಲಿ ಚೆಂಡು ಚಿಮ್ಮುವ ವೇಗವೊಂದನ್ನೇ ನೋಡಿ ಮರುಳಾಗುವವರು ಬಹಳ. ಪಕ್ಕದಲ್ಲೇ ಇರುವ 'ಚೇಸ್' ಶೇಕಡಾವಾರನ್ನೂ ಓದಿ: ಸ್ಟ್ರೈಕ್ ವಲಯದಾಚೆಯ, ಅಂದರೆ ಹೊಡೆಯಲು ಯೋಗ್ಯವಾದ ಜಾಗದಿಂದ ಹೊರಗಿನ, ಚೆಂಡಿಗೆ ಬ್ಯಾಟ್ ಬೀಸುವ ಚಟ. ಲೀಗ್ ಸರಾಸರಿ ಸುಮಾರು 28. ಅದಕ್ಕಿಂತ ತುಂಬಾ ಮೇಲಿದ್ದರೆ ಪಿಚರ್‌ಗಳು ಆ ಹುಡುಗನಿಗೆ ಹೊಡೆಯುವಂಥ ಚೆಂಡನ್ನೇ ಕೊಡುವುದಿಲ್ಲ.

ದೊಡ್ಡ ಕೊರತೆ ಕೆಳಹಂತದ್ದು. ಮೇಜರ್ ಲೀಗ್‌ಗೆ ಮುಂಚಿನ ಮೈನರ್ ಲೀಗ್‌ಗಳಲ್ಲಿ ಟ್ರಿಪಲ್-ಎ (ಅವುಗಳಲ್ಲಿ ಅತಿ ಮೇಲಿನ ಹಂತ) ಮತ್ತು ಫ್ಲೋರಿಡಾ ಸ್ಟೇಟ್ ಲೀಗ್ ಬಿಟ್ಟರೆ ಹೆಚ್ಚೇನೂ ಸಿಗದು. ಔಟ್‌ಫೀಲ್ಡರ್ ಜಾಕ್ಸನ್ ಚೌರಿಯೊನನ್ನೇ ನೋಡಿ. ಮಿಲ್ವಾಕಿ ಬ್ರೂವರ್ಸ್ 2023ರ ಡಿಸೆಂಬರ್‌ನಲ್ಲಿ 8 ವರ್ಷಕ್ಕೆ 8.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಾಗ ಅವನು ಟ್ರಿಪಲ್-ಎಯಲ್ಲಿ ಆಡಿದ್ದು ಬರೀ 6 ಪಂದ್ಯ. ಮರುವರ್ಷ 20ರ ವಯಸ್ಸಿಗೇ 21 ಹೋಮ್‌ರನ್, 22 ಕದ್ದ ಬೇಸ್ (ಹೊಡೆತದ ನೆರವಿಲ್ಲದೆ ಮುಂದಿನ ಬೇಸ್‌ಗೆ ಓಡಿ ಗಿಟ್ಟಿಸಿದ್ದು). ಅಂಥವನನ್ನು ಮೊದಲೇ ಗುರುತಿಸಲು ಈ ತಾಣವೊಂದೇ ಸಾಲುತ್ತಿರಲಿಲ್ಲ.

ಆ ಹಂತದಲ್ಲಿ ಸ್ಟಾಪ್‌ವಾಚ್ ಹಿಡಿಯಿರಿ. ಬ್ಯಾಟಿಗೆ ಚೆಂಡು ತಾಗಿದಾಗ ಒತ್ತಿ, ಮೊದಲ ಬೇಸ್‌ಗೆ ಪಾದ ತಾಗಿದಾಗ ನಿಲ್ಲಿಸಿ. ಬಲಗೈ ಬ್ಯಾಟರ್‌ಗೆ ಸುಮಾರು 4.3 ಸೆಕೆಂಡ್, ಎಡಗೈಯವನಿಗೆ 4.2 ಬಂದರೆ ಸ್ಕೌಟ್‌ಗಳ (ಪ್ರತಿಭೆ ಹುಡುಕುವವರ) 20-80 ಮಾಪನದಲ್ಲಿ 50, ಅಂದರೆ ಸರಾಸರಿ. ಬಂಟ್ ಮಾಡಿ, ಅಂದರೆ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿ, ಓಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿ ಬ್ಯಾಟರ್ ಮುಂಚೆಯೇ ಹೊರಟಿರುತ್ತಾನೆ.